ಕರಬೂಜದ ಸವಿ ಎಲ್ಲಿಂದ?

ಬೇಸಗೆಯ ಒಂದು ಮಧ್ಯಾಹ್ನ ಶಹಾಪುರದಿಂದ ಯಾದಗಿರಿಗೆ ಹೋಗುವಾಗ ದೋರನಹಳ್ಳಿಯಲ್ಲಿ ಇಳಿದು ಮೂರು ಕರಬೂಜದ ಹಣ್ಣುಗಳನ್ನು ಕೊಂಡೆವು. ಬಣ್ಣ, ಗಾತ್ರ, ಸಿಪ್ಪೆಯ ಮೇಲಿನ ಬಲೆಯಂಥ ಗೆರೆಗಳು ಎಲ್ಲವೂ ಒಂದೇ ತೆರ. ಎರಡನ್ನು ಅಲ್ಲಿಯೇ ಕೊಯ್ದೆವು. ಒಂದು ಸಕ್ಕರೆ, ಇನ್ನೊಂದು ಸಪ್ಪೆ. "ಉಳಿದದ್ದು ಎರಡು ದಿನ ಇಟ್ಟು ತಿನ್ರಿ ಸರ, ಸಿಹಿ ಆಗ್ತದ" ಎಂದನು ಮಾರುವಾತನು. ಮಾವಿನ ವಿಷಯದಲ್ಲಿ ಈ ಮಾತು ನಿಜ. ಕರಬೂಜಕ್ಕೂ ಇದು ಸಲ್ಲುವುದೇ? ವಿಚಾರಮಾಡೋಣ.

ಬಲಿತ ಮಾವಿನಕಾಯಿಯಲ್ಲಿ ಪಿಷ್ಟವು ಕೂಡಿಟ್ಟ ಧನದಂತೆ ಇರುತ್ತದೆ. ಕಿತ್ತ ಮೇಲೆ ಅದು ಸಕ್ಕರೆಯಾಗಿ ಮಾರ್ಪಡುತ್ತದೆ. ಕರಬೂಜದಲ್ಲಿ ಇಂಥ ಪಿಷ್ಟದ ಸಂಗ್ರಹವಿಲ್ಲ. ಅದರ ಸಕ್ಕರೆಯೆಲ್ಲವೂ ಬಿಸಿಲಿನ ಬಲದಿಂದ ಎಲೆಗಳಲ್ಲಿ ತಯಾರಾಗಿ ಬಳ್ಳಿಯ ಮೂಲಕ ಹರಿದುಬರಬೇಕು. ಅದರಲ್ಲಿಯೂ ಸುಕ್ರೋಸ್ ಹೆಚ್ಚಾಗಿ ತುಂಬುವುದು ಹಣ್ಣಾಗುವ ಕೊನೆಯ ದಿನಗಳಲ್ಲಿ. ತೊಟ್ಟು ಕಡಿದೊಡನೆ ಈ ಹರಿವು ನಿಲ್ಲುತ್ತದೆ. ಆಮೇಲೆ ಎಥಿಲೀನ್ ಅನಿಲದ ಪ್ರಭಾವದಿಂದ ತಿರುಳು ಮೆತ್ತಗಾಗಬಹುದು, ಪರಿಮಳ ಹೆಚ್ಚಬಹುದು. ಸಕ್ಕರೆ ಮಾತ್ರ ಹೆಚ್ಚದು.

ಆದುದರಿಂದಲೇ ಈ ಬಳ್ಳಿಗೆ ಬೆಚ್ಚನೆಯ ಹವೆಯೂ ನಿಚ್ಚಳವಾದ ಬಿಸಿಲೂ ಬೇಕು. ಬೂದಿರೋಗ ತಗುಲಿ ಎಲೆ ಒಣಗಿದರೆ ಹಣ್ಣು ಸಪ್ಪೆಯಾಗುತ್ತದೆ. ಹಣ್ಣಾಗುವ ಕಾಲದಲ್ಲಿ ಅತಿಯಾಗಿ ನೀರು ಕೊಟ್ಟರೂ ಸವಿ ತಗ್ಗುತ್ತದೆ.

ಸವಿಯನ್ನು ಅಳೆಯುವ ಬಗೆ ಹೇಗೆ? ಇಲ್ಲಿ ಭೌತವಿಜ್ಞಾನವು ನೆರವಿಗೆ ಬರುತ್ತದೆ. ನೀರಿನ ವಕ್ರೀಭವನಾಂಕ 1.333. ತೂಕದಲ್ಲಿ ನೂರಕ್ಕೆ 10 ಭಾಗ ಸಕ್ಕರೆಯಿದ್ದರೆ ಅದು 1.348, 20 ಭಾಗವಿದ್ದರೆ 1.364. ವಕ್ರೀಭವನಮಾಪಕದ ಗಾಜಿನ ಮೇಲೆ ಒಂದೆರಡು ಹನಿ ರಸವಿಟ್ಟು ಬೆಳಕಿನತ್ತ ಹಿಡಿದರೆ, ನೆರಳಿನ ಗಡಿರೇಖೆಯು ಈ ಪ್ರಮಾಣವನ್ನು ನೇರವಾಗಿ ತೋರಿಸುತ್ತದೆ. ರಸದಲ್ಲಿ ಕರಗಿರುವ ಘನಪದಾರ್ಥಗಳಲ್ಲಿ ಸಕ್ಕರೆಯೇ ಮುಖ್ಯವಾದುದರಿಂದ ಈ ಅಳತೆ ಸಾಕು. ಅಮೆರಿಕದ ಸರ್ಕಾರಿ ದರ್ಜೆಗಳಲ್ಲಿ ಒಳ್ಳೆಯ ಕರಬೂಜಕ್ಕೆ ಕನಿಷ್ಠ 9, ಬಹಳ ಒಳ್ಳೆಯದಕ್ಕೆ ಕನಿಷ್ಠ 11 ಇರಬೇಕು.

ಉಪಕರಣವಿಲ್ಲದ ವಿದ್ಯಾರ್ಥಿಯು ಶಾಲೆಯ ತಕ್ಕಡಿಯನ್ನು ಬಳಸಬಹುದು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 100 ಮಿಲಿಲೀಟರ್ ನೀರಿನ ತೂಕ 99.8 ಗ್ರಾಂ, ನೂರಕ್ಕೆ 10 ಭಾಗ ಸಕ್ಕರೆಯ ದ್ರಾವಣವಾದರೆ ಸುಮಾರು 103.8 ಗ್ರಾಂ. ರಸವನ್ನು ಚೆನ್ನಾಗಿ ಸೋಸಿ ತೂಗಿದರೆ ಸಿಹಿಗೂ ಸಪ್ಪೆಗೂ ಇರುವ ಅಂತರವು ತಕ್ಕಡಿಯಲ್ಲಿಯೇ ಕಾಣುತ್ತದೆ.

ಕೊಯ್ಯದೆಯೇ ತಿಳಿಯಬೇಕೆಂದರೆ ತೊಟ್ಟನ್ನು ನೋಡಿರಿ. ಬಲೆಗೆರೆಯ ಜಾತಿಗಳಲ್ಲಿ ಹಣ್ಣು ಪಕ್ವವಾದಾಗ ತೊಟ್ಟಿನ ಸುತ್ತ ಬಿರುಕು ಮೂಡಿ, ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದರೂ ಬಿಟ್ಟುಬರುತ್ತದೆ. ಅಲ್ಲಿ ತುಂಡು ತೊಟ್ಟು ಉಳಿದಿದ್ದರೆ ಹೊತ್ತಿಗೆ ಮುನ್ನ ಕೊಯ್ದರೆಂದು ಶಂಕಿಸಬಹುದು.

ಹಾಗೆ ಕೊಯ್ದ ರೈತನನ್ನು ಹಳಿಯುವುದು ಸುಲಭ. ಪೂರ್ತಿ ಹಣ್ಣಾದುದು ದೂರದ ಪಟ್ಟಣಕ್ಕೆ ಲಾರಿಯಲ್ಲಿ ಹೋದರೆ ದಾರಿಯಲ್ಲೇ ಕೊಳೆಯುವುದುಂಟು; ನಷ್ಟ ಅವನದೇ. ಆದರೆ ಸಪ್ಪೆ ಹಣ್ಣು ತಿಂದವನು ಮತ್ತೆ ಕೊಳ್ಳಲಾರ. ಅದೂ ರೈತನಿಗೇ ನಷ್ಟ. ದೋರನಹಳ್ಳಿಯಂಥ ಊರಿನಲ್ಲಿ ಬೆಳೆದು ಶಹಾಪುರ, ಯಾದಗಿರಿಗಳ ಪೇಟೆಯಲ್ಲೇ ಮಾರುವವನಿಗೆ ಈ ಇಕ್ಕಟ್ಟು ಕಡಿಮೆ. ಇನ್ನೆರಡು ದಿನ ಬಳ್ಳಿಯಲ್ಲೇ ಬಿಡುವ ಅವಕಾಶ ಅವನಿಗುಂಟು.

ನಮ್ಮ ಮೂರನೆಯ ಹಣ್ಣನ್ನು ಎರಡು ದಿನ ಇಟ್ಟೆವು. ಕೋಣೆಯೆಲ್ಲ ಘಮಘಮಿಸಿತು, ರುಚಿ ಮಾತ್ರ ಸಪ್ಪೆ. ಒಂದು ಹಣ್ಣಿನಿಂದ ನಿಯಮವು ಸಿದ್ಧವಾಗದು. ಒಂದೇ ಹೊಲದಿಂದ ಒಂದೇ ದಿನ ಕೊಯ್ದ ಹತ್ತು ಹಣ್ಣು ತಂದು, ಐದರ ರಸವನ್ನು ಅಂದೇ, ಉಳಿದ ಐದರದನ್ನು ಎರಡು ದಿನ ಬಿಟ್ಟು ತೂಗಿ ನೋಡಿರಿ. ಮಾರುವಾತನ ಮಾತಿಗೂ ನಮ್ಮ ಮಾತಿಗೂ ತಕ್ಕಡಿಯೇ ತೀರ್ಪು ಹೇಳಲಿ.