ಹೃದಯದ ಓಟ

ಮನುಷ್ಯನ ಹೃದಯವು ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 60ರಿಂದ 100 ಸಲ ಬಡಿಯುತ್ತದೆ. ಓಡಿದಾಗ, ಹೆದರಿದಾಗ, ಜ್ವರ ಬಂದಾಗ ಈ ವೇಗ ಏರುವುದು ಸಹಜವೇ. ಆದರೆ ಕೆಲವರಿಗೆ ಸುಮ್ಮನೆ ಕುಳಿತಿರುವಾಗಲೇ ಬಡಿತವು ಫಕ್ಕನೆ 150ನ್ನು ದಾಟಿ, ಕೆಲಕಾಲ ಹಾಗೆಯೇ ನಡೆದು, ಬಂದಷ್ಟೇ ಹಠಾತ್ತಾಗಿ ನಿಂತುಬಿಡುತ್ತದೆ. ಕೆಲವು ವಾರಗಳ ಬಳಿಕ ಮತ್ತೆ ಬರುತ್ತದೆ. ಇದೇಕೆ?

ಹೃದಯದ ಬಲಭಾಗದ ಮೇಲ್ಕೋಣೆಯಲ್ಲಿ ಒಂದು ಸಣ್ಣ ಗಂಟಿದೆ. ಕೀತ್ ಮತ್ತು ಫ್ಲ್ಯಾಕ್ ಎಂಬವರು 1907ರಲ್ಲಿ ಅದನ್ನು ವರ್ಣಿಸಿದರು. ಬಡಿತದ ವಿದ್ಯುತ್ ಪ್ರೇರಣೆಯು ಅಲ್ಲಿ ಹುಟ್ಟಿ, ಸಾಮಾನ್ಯವಾಗಿ ಒಂದೇ ದಾರಿಯಿಂದ ಕೆಳಕೋಣೆಗಳಿಗೆ ಇಳಿಯುತ್ತದೆ. ಕೆಲವರಲ್ಲಿ ಇನ್ನೊಂದು ದಾರಿಯೂ ಇರುತ್ತದೆ. ಆಗ ಪ್ರೇರಣೆಯು ಒಂದರಿಂದ ಇಳಿದು ಇನ್ನೊಂದರಿಂದ ಹತ್ತಿ, ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ. ಸುತ್ತಿಗೊಂದು ಬಡಿತ, ಸುತ್ತು ಕಡಿದೊಡನೆ ಓಟವೂ ನಿಲ್ಲುತ್ತದೆ. ಹಠಾತ್ ಓಟಕ್ಕೆ ಇದೊಂದು ಮುಖ್ಯ ಕಾರಣ.

ತೊಡಕಿರುವುದು ಇಲ್ಲಿಯೇ. ರೋಗಿ ವೈದ್ಯರನ್ನು ಮುಟ್ಟುವ ವೇಳೆಗೆ ಓಟ ಮುಗಿದಿರುತ್ತದೆ. ಲೈಡನ್ನಿನ ಐಂತೋವನ್ನರಿಗೆ 1924ರ ನೊಬೆಲ್ ಪಾರಿತೋಷಕ ತಂದ ಇಸಿಜಿಯೂ ತೋರಿಸುವುದು ಕೆಲವೇ ಕ್ಷಣಗಳ ಬಡಿತವನ್ನು. ಕಾಗದ ಸರಿಯಾಗಿದ್ದರೆ, 'ಇದೆಲ್ಲ ಹೆದರಿಕೆ' ಎನ್ನುವವರೇ ಹೆಚ್ಚು. ನನ್ನ ತಾಯಿಗೂ ಊರವರು ಅಂಜುಬುರುಕಿ ಎಂಬ ಹೆಸರಿಟ್ಟಿದ್ದರು. ಆ ಹೆಸರು ಅಳಿದದ್ದು ಓಟದ ನಡುವೆಯೇ ತೆಗೆದ ಒಂದು ಇಸಿಜಿಯಿಂದ.

ಆದುದರಿಂದ ಪರೀಕ್ಷೆಯ ಗುಟ್ಟು ಓಟವನ್ನು ಓಡುತ್ತಿರುವಾಗಲೇ ಹಿಡಿಯುವುದು. ಅಮೆರಿಕದ ನಾರ್ಮನ್ ಹೋಲ್ಟರ್ 1940ರ ದಶಕದ ಕೊನೆಯಲ್ಲಿ ರಚಿಸಿದ ಯಂತ್ರವನ್ನು ಬೆನ್ನಿಗೆ ಹೊರಬೇಕಿತ್ತು. ಅದರ ತೂಕ ಸುಮಾರು 38 ಕಿಲೋ. ಇಂದು ಅವರ ಹೆಸರಿನ ಅಂಗೈಯಗಲದ ಪೆಟ್ಟಿಗೆಯು 24 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಪ್ರತಿ ಬಡಿತವನ್ನೂ ದಾಖಲಿಸುತ್ತದೆ. ಓಟ ತೀರ ಅಪರೂಪವಾದರೆ ಚರ್ಮದಡಿ ಇಡುವ ಸಣ್ಣ ಉಪಕರಣವೂ ಉಂಟು. ಜೊತೆಗೆ ರಕ್ತಹೀನತೆ, ಥೈರಾಯ್ಡ್ ದೋಷಗಳನ್ನು ಪರೀಕ್ಷಿಸಲೇಬೇಕು. ಅವೂ ಬಡಿತವನ್ನು ಏರಿಸುತ್ತವೆ. ಅಡ್ಡದಾರಿಯೇ ಕಾರಣವೆಂದು ಸಿದ್ಧವಾದರೆ, ರಕ್ತನಾಳದ ಮೂಲಕ ಸಪೂರ ನಳಿಗೆಯನ್ನು ಒಯ್ದು ಅದನ್ನು ಸುಟ್ಟು ಮುಚ್ಚುವ ಚಿಕಿತ್ಸೆಯಿದೆ.

ರೋಗಿಯ ಮನೆಯವರು ಮಾಡಬಹುದಾದುದೂ ಇದೆ. ಮಣಿಕಟ್ಟಿನ ನಾಡಿಯನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಬೇಕು. ಬಡಿತ ಒಂದೇ ಲಯದಲ್ಲಿತ್ತೇ, ಓಟ ಹೇಗೆ ಆರಂಭವಾಯಿತು, ಎಷ್ಟು ಹೊತ್ತಿತ್ತು ಎಂಬುದನ್ನು ಬರೆದಿಡಬೇಕು. ಎದೆನೋವು, ಉಸಿರುಕಟ್ಟು, ಮೂರ್ಛೆ ಜೊತೆಗೂಡಿದರೆ ಎಣಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಮನೆಯಲ್ಲಿ ಯಾರಾದರೂ ಎದೆ ಓಡುತ್ತಿದೆಯೆಂದರೆ, ಮಿತ್ರರೇ, ಮೊದಲು ಗಡಿಯಾರ ನೋಡಿ ನಾಡಿ ಎಣಿಸೋಣ. ಅಭಿಪ್ರಾಯ ಅನಂತರ ಹೇಳೋಣ.