ಜಯಧರಕ್ಕೂ ಸಿಡಿ ಹಾಯ್ದದ್ದೇಕೆ?

ಕಾರ್ತೀಕ ಮಾಸದ ಒಂದು ಬೆಳಿಗ್ಗೆ ಕೇಶ್ವಾಪುರದ ನಮ್ಮ ಮನೆಗೆ ನವಲಗುಂದ ಕಡೆಯ ಹಿರಿಯ ರೈತರೊಬ್ಬರು ಬಂದರು. ಹಳೆಯ ಪರಿಚಯದವರು. ಬಗಲಲ್ಲಿ ಗೋಣಿತಟ್ಟಿನಲ್ಲಿ ಸುತ್ತಿದ ಎರಡು ಹತ್ತಿಯ ಗಿಡಗಳಿದ್ದವು. ಒಂದು ಅವರ ಎರೆ ಹೊಲದ ಜವಾರಿ ಹತ್ತಿ, ಇನ್ನೊಂದು ಅಳಿಯನ ಹೊಲದ ಬಿ.ಟಿ. ಸಂಕರಣ ಹತ್ತಿ. ಎರಡೂ ಬಾಡಿ ಜೋತುಬಿದ್ದಿದ್ದವು.

"ಜಯಧರಕ್ಕ ಸಿಡಿ ಹಾಯೂದಿಲ್ಲ ಅಂತ ನೀವ ಹೇಳಿದ್ರಿ, ಸಾಹೇಬರ. ಮೊದಲನೇ ವರ್ಷ ಅಲ್ಲೊಂದು ಇಲ್ಲೊಂದು ಗಿಡ ಹೋತು. ಹ್ವಾದ ವರ್ಷ ಇನ್ನಷ್ಟು ಹೋದೂವು. ಈ ವರ್ಷ ನೋಡ್ರಿ, ಹೊಲದಾಗ ಅಂಗಳದಷ್ಟು ಅಂಗಳದಷ್ಟು ಬೋಳ ಆಗೇತಿ" ಎಂದರು. ಅಂಗಡಿಯಲ್ಲಿ ಕೊಟ್ಟ ಔಷಧಿಯನ್ನು ಎರಡು ಸಲ ಬುಡಕ್ಕೆ ಸುರಿದಾಗಿತ್ತು. ಮಾವನ ಹೊಲಕ್ಕೂ ಅಳಿಯನ ಹೊಲಕ್ಕೂ ಒಂದೇ ಔಷಧಿ!

ಅವರ ಪ್ರಶ್ನೆ ನ್ಯಾಯವಾದದ್ದು. ಉತ್ತರ ಮಾತ್ರ ಒಂದೇ ಮಾತಿನಲ್ಲಿ ಮುಗಿಯುವಂತಹುದಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಾಂಡ ಸೀಳಿ ನೋಡಬೇಕು

ಬಾಡಿದ ಗಿಡವೆಲ್ಲ ಸೊರಗು ರೋಗದ ಗಿಡವಲ್ಲ. ಕುಡುಗೋಲಿನಿಂದ ಎರಡೂ ಗಿಡಗಳ ಬುಡವನ್ನು ಉದ್ದಕ್ಕೆ ಸೀಳಿದೆವು. ಜವಾರಿ ಹತ್ತಿಯ ಕಾಂಡದಲ್ಲಿ ತೊಗಟೆಯ ಒಳಗೆ ಬೇರಿನಿಂದ ಮೇಲಕ್ಕೆ ಕಂದು ಗೆರೆಗಳು ಹರಿದಿದ್ದವು. ಅಡ್ಡ ಕೊಯ್ದಾಗ ಅದೇ ಕಂದು ಬಣ್ಣ ಉಂಗುರದಂತೆ ಕಂಡಿತು. ಇದು ಫ್ಯುಜೇರಿಯಂ ಎಂಬ ಶಿಲೀಂಧ್ರದಿಂದ ಬರುವ ಸೊರಗು ರೋಗ. ನಮ್ಮ ಕಡೆ ಇದನ್ನೇ ಸಿಡಿ ಎನ್ನುವರು. ಈ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುವುದು. ಎಳೆ ಬೇರಿನ ಮೂಲಕ ಒಳಹೊಕ್ಕು ನೀರು ಏರುವ ನಾಳಗಳನ್ನು ಕಟ್ಟಿಬಿಡುವುದು. ಕೆಳಗಿನ ಎಲೆಗಳು ಮೊದಲು ಹಳದಿಯಾಗಿ ಉದುರುವವು, ಆಮೇಲೆ ಗಿಡವೇ ಒಣಗುವುದು.

ಅಳಿಯನ ಗಿಡದ ಕಾಂಡ ಒಳಗೆ ಬೆಳ್ಳಗೆ, ಹಸನಾಗಿತ್ತು. ಕಾಯಿ ತುಂಬಿದ ಗಿಡ; ಬಹಳ ದಿನ ಒಣಗಿದ ಹೊಲಕ್ಕೆ ಒಮ್ಮೆಲೆ ಜೋರಾದ ಮಳೆ; ಮರುದಿನ ಸುಡುವ ಬಿಸಿಲು. ಹೀಗಾದಾಗ ಬೇರಿಗೆ ಉಸಿರು ಕಟ್ಟಿ ಗಿಡ ಒಂದೆರಡು ದಿನಗಳಲ್ಲಿ ಜೋತುಬೀಳುವುದು. ಇದನ್ನು ಪ್ಯಾರಾವಿಲ್ಟ್ ಎನ್ನುವರು. ಇಲ್ಲಿ ಶಿಲೀಂಧ್ರವೇ ಇಲ್ಲ, ಆದ್ದರಿಂದ ಶಿಲೀಂಧ್ರನಾಶಕ ಸುರಿದರೆ ಹಣ ಮಣ್ಣುಪಾಲು. ನಿಂತ ನೀರನ್ನು ಬಸಿದು ಹಾಕಬೇಕು. ಬಾಡಲಾರಂಭಿಸಿದ ಕೂಡಲೇ ಲೀಟರ್ ನೀರಿಗೆ 10 ಮಿಲಿಗ್ರಾಂ ಕೋಬಾಲ್ಟ್ ಕ್ಲೋರೈಡ್ ಬೆರೆಸಿ ಸಿಂಪಡಿಸಿದರೆ ಕೆಲವು ಗಿಡಗಳು ಚೇತರಿಸಿಕೊಳ್ಳುವವು. ತಡಮಾಡಿದರೆ ಉಪಯೋಗವಿಲ್ಲ. ಅಳಿಯನ ವಿಷಯ ಇಲ್ಲಿಗೆ ಮುಗಿಯಿತು. ಮಾವನವರ ಜವಾರಿ ಹತ್ತಿಯ ವಿಷಯ ಮಾತ್ರ ನೂರು ವರ್ಷ ಹಿಂದಕ್ಕೆ ಹೋಗುವುದು.

ಕುಮಟಾ ಹತ್ತಿಯಿಂದ ಜಯಧರದವರೆಗೆ

ಕೇಶ್ವಾಪುರದಿಂದ ಕುಸುಗಲ್ಲಿಗೆ ರಸ್ತೆಯಿದೆ. 1840ರ ದಶಕದ ಆರಂಭದಲ್ಲಿ ಮರ್ಸರ್ ಎಂಬ ಅಮೆರಿಕದ ಹತ್ತಿ ಬೆಳೆಗಾರನನ್ನು ಕರೆಸಿ ಆ ಕುಸುಗಲ್ಲಿನಲ್ಲಿ ಅಮೆರಿಕದ ಹತ್ತಿಯ ಪ್ರಯೋಗ ನಡೆಸಿದ್ದರು. ಮುಂದೆ ಅದೇ ಜಾತಿ 'ಧಾರವಾಡ ಅಮೆರಿಕನ್' ಎಂದು ಹೆಸರಾಯಿತು. ಅದರ ಪಕ್ಕದಲ್ಲಿಯೇ ನಮ್ಮ ಜವಾರಿ ಹತ್ತಿ ಬೆಳೆಯುತ್ತಿತ್ತು. ಕುಮಟಾ ಬಂದರಿನಿಂದ ಹಡಗು ಏರುತ್ತಿದ್ದ ಕಾರಣ ವ್ಯಾಪಾರಿಗಳು ಇದಕ್ಕೆ ಕುಮಟಾ ಹತ್ತಿ ಎಂದರು.

ಭಾರತದ ಸೊರಗು ರೋಗದ ವಿಚಿತ್ರ ಇಲ್ಲಿಯೇ ಇದೆ. ನಮ್ಮ ನೆಲದ ಫ್ಯುಜೇರಿಯಂ ಹೆಚ್ಚಾಗಿ ಜವಾರಿ ಹತ್ತಿಗಳನ್ನೇ ಹಿಡಿಯುವುದು, ಅಮೆರಿಕದ ಹತ್ತಿಯನ್ನು ಸಾಮಾನ್ಯವಾಗಿ ಮುಟ್ಟದು. ಅಮೆರಿಕದಲ್ಲಿ ಮರಳುಮಿಶ್ರಿತ ಹುಳಿ ಮಣ್ಣಿನಲ್ಲಿ ರೋಗ ಹೆಚ್ಚು, ನಮ್ಮಲ್ಲಿ ಜಿಗುಟಾದ ಎರೆ ಮಣ್ಣಿನಲ್ಲಿ ಹೆಚ್ಚು. ಹಾಗಾದರೆ ಅಮೆರಿಕದ ಹತ್ತಿಯ ಗುಣವನ್ನು ಜವಾರಿಗೆ ತರಬಾರದೇ ಎಂದು ಯಾರಾದರೂ ಕೇಳಬಹುದು. ಅದು ಸುಲಭವಲ್ಲ. ಜವಾರಿ ಹತ್ತಿಯ ಜೀವಕೋಶದಲ್ಲಿ 26 ವರ್ಣತಂತುಗಳು, ಅಮೆರಿಕದ ಹತ್ತಿಯಲ್ಲಿ 52. ಇವೆರಡನ್ನೂ ಕೂಡಿಸಿದರೆ 39 ವರ್ಣತಂತುಗಳ ಗಿಡ ಹುಟ್ಟುವುದು. 39 ಬೆಸ ಸಂಖ್ಯೆ, ವರ್ಣತಂತುಗಳಿಗೆಲ್ಲ ಜೋಡಿ ಸಿಗದು. ಹೀಗಾಗಿ ಆ ಗಿಡ ಸಾಮಾನ್ಯವಾಗಿ ಗೊಡ್ಡು.

ಆದುದರಿಂದ ಜವಾರಿ ಹತ್ತಿಯ ಒಳಗೇ ತಡೆಯುವ ಶಕ್ತಿಯನ್ನು ಹುಡುಕಬೇಕಾಯಿತು. ಧಾರವಾಡದಲ್ಲಿ ಹತ್ತಿ ತಳಿ ತಜ್ಞರಾಗಿದ್ದ ಜಿ. ಎಲ್. ಕೊಟ್ಟೂರ ಅವರು ಕುಮಟಾ ಹತ್ತಿಯ ಸುಧಾರಣೆಗೆ ಕೈಹಾಕಿದರು. ಧಾರವಾಡ 1 ಎಂಬ ಆಯ್ಕೆಯೂ, ಆನಂತರ ಸಿಡಿಯನ್ನು ತಡೆಯುವ ಜಯವಂತವೂ ಬಂದವು. ಜಯವಂತದ ತರುವಾಯ ಬಂದ ಜಯಧರ ದಶಕಗಟ್ಟಲೆ ನಮ್ಮ ಹಿಂಗಾರಿ ಎರೆ ಹೊಲಗಳನ್ನು ಆಳಿತು.

ಹುಡುಕುವ ವಿಧಾನ ಕೇಳಲು ಸರಳ. ರೋಗ ತುಂಬಿದ ಮಣ್ಣಿನಲ್ಲಿ ಬಿತ್ತಬೇಕು, ಸಾಯುವವು ಸಾಯಲಿ, ಉಳಿದವುಗಳ ಬೀಜ ಹಿಡಿಯಬೇಕು. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಎಲಿಯಾಸ್ ರಿವರ್ಸ್ ಎಂಬ ಬೆಳೆಗಾರನೂ ಓರ್ಟನ್ ಎಂಬ ವಿಜ್ಞಾನಿಯೂ 1900ರ ಆಸುಪಾಸಿನಲ್ಲಿ ಮಾಡಿದ್ದು ಇದನ್ನೇ. ಆದರೆ ಹೊಲದಲ್ಲಿ ರೋಗಾಣು ಎಲ್ಲ ಕಡೆ ಸಮನಾಗಿ ಇರುವುದಿಲ್ಲ. ಶಕ್ತಿಯಿಂದ ಉಳಿದ ಗಿಡ ಯಾವುದು, ಅದೃಷ್ಟದಿಂದ ಉಳಿದ ಗಿಡ ಯಾವುದು, ಹೇಗೆ ತಿಳಿಯಬೇಕು? ಮುಂಬೈ ಪ್ರಾಂತದ ಸಸ್ಯರೋಗ ತಜ್ಞ ಬಿ. ಎನ್. ಉಪ್ಪಲ್ ಮತ್ತು ಅವರ ಸಂಗಡಿಗರು ಕುಂಡಗಳಲ್ಲಿ ರೋಗಾಣು ಸೇರಿಸಿದ ಮಣ್ಣು ತುಂಬಿ, ಮಣ್ಣಿನ ಉಷ್ಣತೆಯನ್ನು ಹಿಡಿತದಲ್ಲಿಟ್ಟು ಪರೀಕ್ಷಿಸಿದರು. ಸುಮಾರು 20ರಿಂದ 27 ಡಿಗ್ರಿ ಸೆಂಟಿಗ್ರೇಡ್‌ನಲ್ಲಿ ಈ ರೋಗದ ಆರ್ಭಟ ಹೆಚ್ಚು. ಹಿಂಗಾರಿ ಹತ್ತಿಗೆ ದೀಪಾವಳಿಯ ಸುಮಾರಿಗೆ ಸಿಡಿ ಕಾಣಿಸಿಕೊಳ್ಳುವುದೇಕೆಂಬುದು ಇದರಿಂದ ತಿಳಿಯುವುದು.

ಜೋಡೆತ್ತಿನ ಲೆಕ್ಕ

ಈಗ ಮುಖ್ಯ ವಿಷಯ. ಗಿಡದ ಪ್ರತಿಯೊಂದು ಗುಣದ ಹಿಂದೆ ವಂಶವಾಹಿಗಳಿರುವವು. ಇವು ಜೋಡಿಯಾಗಿರುವವು: ಒಂದು ತಾಯಿಯ ಕಡೆಯಿಂದ, ಇನ್ನೊಂದು ತಂದೆಯ ಕಡೆಯಿಂದ. ಎರಡರಲ್ಲಿ ಒಂದು ಇದ್ದರೂ ತನ್ನ ಗುಣ ತೋರಿಸುವುದು ಪ್ರಬಲ. ಪ್ರಬಲದ ಎದುರು ಮರೆಯಾಗಿ ಕೂಡುವುದು ದುರ್ಬಲ.

ಜವಾರಿ ಹತ್ತಿಯಲ್ಲಿ ಸಿಡಿ ತಡೆಯುವ ಶಕ್ತಿ ಒಂದೇ ವಂಶವಾಹಿಯಿಂದ ಬರುವುದಿಲ್ಲ. ಎರಡು ಬೇರೆ ಬೇರೆ ಪ್ರಬಲ ವಂಶವಾಹಿಗಳು ಕೂಡಿದರೆ ಮಾತ್ರ ಬರುವುದೆಂದು 1940ರ ದಶಕದ ಸಂಶೋಧನೆಗಳು ತೋರಿಸಿದವು. ಇದಕ್ಕೆ ಅಡ್ಡಗಾಲು ಹಾಕುವ ಮೂರನೆಯದೊಂದು ಇದೆಯೆಂದೂ ಕಂಡುಬಂದಿತು. ಲೆಕ್ಕ ತೊಡಕಾಗದಿರಲೆಂದು ಅದನ್ನು ಇಲ್ಲಿ ಬಿಟ್ಟಿದ್ದೇನೆ. ನೊಗಕ್ಕೆ ಎರಡು ಎತ್ತು ಬೇಕು. ಎಡಗಡೆಯ ಎತ್ತು ಎಷ್ಟೇ ಗಟ್ಟಿಯಿರಲಿ, ಬಲಗಡೆಯದು ಇಲ್ಲದಿದ್ದರೆ ಕುಂಟೆ ಹರಿಯದು. ಈ ಎರಡು ವಂಶವಾಹಿಗಳೂ ಹಾಗೆಯೇ.

ಶುದ್ಧ ಜಯಧರದ ಹೂವಿಗೆ ಸಿಡಿ ಹಾಯುವ ಹತ್ತಿಯ ಪರಾಗ ಬಿತ್ತೆನ್ನೋಣ. ಹುಟ್ಟುವ ಬೀಜಕ್ಕೆ ತಾಯಿಯಿಂದ ಎರಡೂ ಪ್ರಬಲ ವಂಶವಾಹಿಗಳು ಬಂದಿರುವವು. ತಂದೆಯಿಂದ ಬಂದ ಎರಡೂ ದುರ್ಬಲ. ನೊಗಕ್ಕೆ ಎರಡೂ ಎತ್ತು ಇದ್ದಂತಾಯಿತು. ಆದ್ದರಿಂದ ಆ ಗಿಡಕ್ಕೆ ಸಿಡಿ ಹಾಯದು. ನೋಡಿದವರಿಗೆ ಅದು ಅಪ್ಪಟ ಜಯಧರವೇ!

ಮರುವರ್ಷ ಆ ಗಿಡದ್ದೇ ಬೀಜ ಬಿತ್ತಿದಾಗ ಗುಟ್ಟು ಬಯಲಾಗುವುದು. ಹದಿನಾರು ಗಿಡಗಳ ಲೆಕ್ಕ ಹಿಡಿದರೆ ಸರಾಸರಿ 9 ಗಿಡಗಳಲ್ಲಿ ಮಾತ್ರ ಎರಡೂ ಎತ್ತುಗಳಿರುವವು. ಮೂರರಲ್ಲಿ ಎಡಗಡೆಯದು ಮಾತ್ರ, ಮೂರರಲ್ಲಿ ಬಲಗಡೆಯದು ಮಾತ್ರ, ಒಂದರಲ್ಲಿ ಎರಡೂ ಇಲ್ಲ. ಹೀಗೆ 7 ಗಿಡಗಳು ರೋಗದ ಬಾಯಿಗೆ. ಇನ್ನೂ ಒಂದು ಮಾತಿದೆ. ಉಳಿದ ಒಂಬತ್ತರಲ್ಲಿ ಮುಂದೆ ಎಂದೂ ಒಡೆಯದ ಶುದ್ಧ ಗಿಡ ಒಂದೇ ಒಂದು. ಮಿಕ್ಕ ಎಂಟು ತಮ್ಮ ಹೊಟ್ಟೆಯಲ್ಲಿ ದುರ್ಬಲ ವಂಶವಾಹಿಯನ್ನು ಇಟ್ಟುಕೊಂಡೇ ಗಟ್ಟಿಯಾಗಿ ನಿಂತಿರುವವು. ಆ ಒಂದನ್ನು ಕಣ್ಣಿನಿಂದ ಆರಿಸಲಾಗದು. ಅದಕ್ಕಾಗಿಯೇ ತಳಿ ತಜ್ಞರು ಒಂದೊಂದು ಗಿಡದ ಬೀಜವನ್ನು ಬೇರೆ ಬೇರೆ ಸಾಲಿನಲ್ಲಿ ಬಿತ್ತಿ, ಯಾವ ಸಾಲಿನಲ್ಲಿ ಒಂದು ಗಿಡವೂ ಸಾಯಲಿಲ್ಲವೋ ಅದನ್ನು ಹಿಡಿಯುವರು.

ರೈತರಿಗೆ ಇದು ಹೊಸದೇನಲ್ಲ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿ ಅವರು ವರಲಕ್ಷ್ಮಿ ಸಂಕರಣ ಹತ್ತಿಯನ್ನು ಕೊಟ್ಟಾಗ, ಅದರ ಬೀಜ ಮನೆಯಲ್ಲಿ ಇಟ್ಟುಕೊಂಡು ಬಿತ್ತಿದರೆ ಗಿಡಕ್ಕೊಂದು ರೂಪ ಬರುವುದೆಂದು ಎಲ್ಲರೂ ಬಲು ಬೇಗ ಕಲಿತರು. ಎತ್ತರ, ಎಳೆ, ಕಾಯಿ ಒಡೆಯುವುದು ಕಣ್ಣಿಗೆ ಕಾಣುವುದು. ರೋಗ ತಡೆಯುವ ಗುಣ ಒಡೆದದ್ದು ಗಿಡ ಸಾಯುವವರೆಗೆ ಕಾಣದು, ಅಷ್ಟೇ ವ್ಯತ್ಯಾಸ.

ನವಲಗುಂದದ ಹಿರಿಯರ ಹೊಲದಲ್ಲಿ ಆದದ್ದು

"ಬೀಜ ಎಲ್ಲಿಂದ ತಂದಿದ್ರಿ, ಅಜ್ಜಾರ?" ಎಂದು ಕೇಳಿದೆ. ಮೂರು ವರ್ಷದ ಹಿಂದೆ ಬೀಗರ ಊರಿನಿಂದ, ಜಯಧರವೆಂದೇ. ಬೀಗರ ಹೊಲದಲ್ಲಿ ಸಿಡಿಯ ಸುಳಿವೇ ಇರಲಿಲ್ಲವಂತೆ. ಅಲ್ಲಿಗೆ ಉತ್ತರ ಸಿಕ್ಕಂತಾಯಿತು.

ಜಿನ್ನಿಂಗ್ ಯಂತ್ರದಲ್ಲಿ ನಾಲ್ಕಾರು ಜನರ ಹತ್ತಿ ಒಂದರ ಹಿಂದೊಂದು ಹಿಂಜುವಾಗ ಕಾಳು ಬೆರೆಯುವುದು ಸಾಮಾನ್ಯ. ಹಾಗೆ ಬೆರೆತ ಸಿಡಿ ಹಾಯುವ ಗಿಡಗಳು ರೋಗಾಣುವಿಲ್ಲದ ಬೀಗರ ಹೊಲದಲ್ಲಿ ಸಾಯದೆ ಹೂಬಿಟ್ಟವು. ಜೇನುಹುಳುಗಳು ಅವುಗಳ ಪರಾಗವನ್ನು ಜಯಧರದ ಹೂಗಳಿಗೆ ಒಯ್ದವು. ಆ ಬೀಜ ನವಲಗುಂದದ ರೋಗದ ಹೊಲಕ್ಕೆ ಬಂದಾಗ ಮೊದಲ ವರ್ಷ ಬೆರಕೆಯ ಗಿಡಗಳಷ್ಟೇ ಅಲ್ಲೊಂದು ಇಲ್ಲೊಂದು ಸತ್ತವು. ಸಂಕರವಾದವು ಗಟ್ಟಿಯಾಗಿಯೇ ನಿಂತವು. ಅವುಗಳ ಬೀಜವೂ ಚೀಲ ಸೇರಿತು. ಎರಡನೆಯ ವರ್ಷದಿಂದ ಒಡೆಯತೊಡಗಿತು. ಸತ್ತ ಗಿಡಗಳ ಬೇರು, ಕಟ್ಟಿಗೆ ಹೊಲದಲ್ಲಿಯೇ ಉಳಿದು ರೋಗಾಣುವಿಗೂ ವರ್ಷ ವರ್ಷ ಮೇವಾಯಿತು. ಮೂರನೆಯ ವರ್ಷಕ್ಕೆ ಅಂಗಳದಷ್ಟು ಬೋಳು.

ಜಯಧರ ತಪ್ಪಲಿಲ್ಲ. ಹೊಲದಲ್ಲಿ ಇದ್ದದ್ದು ಪೂರ್ತಿ ಜಯಧರವಾಗಿರಲಿಲ್ಲ. ಆದರೆ ತಡೆಯುವ ತಳಿಯೆಂದು ಹೇಳಿದ ನಾವು ಬೀಜದ ಶುದ್ಧತೆಯ ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳಲಿಲ್ಲವೆಂಬುದನ್ನೂ ಒಪ್ಪಬೇಕು.

ಶಿಲೀಂಧ್ರಕ್ಕೂ ವಂಶವಿದೆ

ಇನ್ನೊಂದು ಎಚ್ಚರಿಕೆ. ಗಿಡದಲ್ಲಿ ತಳಿಗಳಿರುವಂತೆ ಶಿಲೀಂಧ್ರದಲ್ಲಿಯೂ ಪಂಗಡಗಳಿವೆ. 1960ರಲ್ಲಿ ಆರ್ಮ್‌ಸ್ಟ್ರಾಂಗ್ ದಂಪತಿಗಳು ಭಾರತದ ಫ್ಯುಜೇರಿಯಂ ಅನ್ನು 4ನೆಯ ಪಂಗಡವೆಂದು ಗುರುತಿಸಿದರು. ಅದೇ ಪಂಗಡ 2001ರಲ್ಲಿ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕಾಣಿಸಿಕೊಂಡು ಉದ್ದ ಎಳೆಯ ಪಿಮಾ ಹತ್ತಿಯನ್ನು ಮಲಗಿಸಿತು. ಅಲ್ಲಿ ಪಿಮಾ ಎಸ್-6 ಎಂಬ ತಳಿ ಎದುರಿಸಿ ನಿಂತಿತು. ಅದರ ಶಕ್ತಿಯ ಮುಖ್ಯ ವಂಶವಾಹಿ 14ನೆಯ ವರ್ಣತಂತುವಿನಲ್ಲಿದೆಯೆಂದು ಆಮೇಲೆ ತಿಳಿಯಿತು. ಹೀಗೆ ಒಂದು ಪಂಗಡವನ್ನು ತಡೆಯುವ ತಳಿ ಇನ್ನೊಂದನ್ನು ತಡೆಯಲೇಬೇಕೆಂದಿಲ್ಲ. ಎಲೆಗೆ ಬರುವ ದಹಿಯಾದಂತಹ ಬೇರೆ ಶಿಲೀಂಧ್ರ ರೋಗಗಳಿಗಂತೂ ಸಿಡಿ ತಡೆಯುವ ಶಕ್ತಿಯ ಸಂಬಂಧವೇ ಇಲ್ಲ.

ಈಗೇನು ಮಾಡಬೇಕು?

ಸಿಡಿ ಹಾಯ್ದ ಗಿಡಗಳನ್ನು ಬೇರು ಸಹಿತ ಕಿತ್ತು ಸುಡಬೇಕು, ಹೊಲದಲ್ಲಿ ರಂಟೆ ಹೊಡೆದು ಮುಚ್ಚಬಾರದು. ಒಂದೆರಡು ವರ್ಷ ಬಿಳಿಜೋಳ ಹಾಕಿದರೆ ರೋಗಾಣು ತಗ್ಗುವುದು, ಪೂರ್ತಿ ಹೋಗದು. ಬೀಜೋಪಚಾರದಿಂದ ಕಾಳಿಗೆ ಅಂಟಿದ ರೋಗಾಣು ಹೋಗುವುದೇ ಹೊರತು ಎಕರೆಗಟ್ಟಲೆ ಮಣ್ಣಿನಲ್ಲಿ ಕೂತದ್ದು ಹೋಗುವುದಿಲ್ಲ.

ಬೀಜವನ್ನು ನಂಬಿಕೆಯ ಮೂಲದಿಂದ ಹೊಸದಾಗಿ ತರುವುದು ಮೊದಲ ಹಾದಿ. ಮನೆಯ ಬೀಜವನ್ನೇ ಉಳಿಸಿಕೊಳ್ಳುವವರು ಹೊಲದ ಹಸನಾದ ಮೂಲೆಯಿಂದ ಬೀಜ ಹಿಡಿಯುವ ರೂಢಿಯನ್ನು ಬಿಡಬೇಕು. ಅಲ್ಲಿ ರೋಗಾಣುವಿನ ಪರೀಕ್ಷೆಯೇ ನಡೆದಿರುವುದಿಲ್ಲ. ಸತ್ತ ಗಿಡಗಳ ನಡುವೆ ಕೊನೆಯವರೆಗೂ ನಿಂತ ಗಿಡಗಳಿಗೆ ಬಣ್ಣದ ದಾರ ಕಟ್ಟಿ, ಒಂದೊಂದರ ಹತ್ತಿಯನ್ನು ಬೇರೆ ಬೇರೆ ಚೀಲದಲ್ಲಿ ಬಿಡಿಸಿ, ಕಾಳನ್ನು ಕೈಯಿಂದಲೇ ಬೇರ್ಪಡಿಸಬೇಕು. ಜಿನ್ನಿಂಗಿಗೆ ಕಳಿಸಕೂಡದು. ಮುಂದಿನ ವರ್ಷ ಅದೇ ಬೋಳಾದ ಜಾಗದಲ್ಲಿ ಗಿಡಕ್ಕೊಂದು ಸಾಲಿನಂತೆ ಬಿತ್ತಿ, ಒಂದು ಗಿಡ ಸತ್ತರೂ ಆ ಸಾಲಿನ ಬೀಜವನ್ನು ಬಿತ್ತನೆಗೆ ಹಿಡಿಯದೆ ಬಿಡಬೇಕು.

ಹಿರಿಯರು ಇದನ್ನೆಲ್ಲ ಕೇಳಿ ಸೀಳಿದ ಎರಡೂ ಗಿಡಗಳನ್ನು ಮತ್ತೆ ಗೋಣಿತಟ್ಟಿನಲ್ಲಿ ಸುತ್ತಿಕೊಂಡರು. ಬೆಳ್ಳನೆಯ ಕಾಂಡವನ್ನು ಅಳಿಯನಿಗೆ ತೋರಿಸಬೇಕೆಂದರು. ಎಷ್ಟು ಗಿಡಗಳಿಗೆ ದಾರ ಕಟ್ಟಬೇಕೆಂದು ಹೊಸ್ತಿಲಲ್ಲಿ ನಿಂತು ಕೇಳಿದರು. ಐವತ್ತು ಎಂದೆ. "ನೂರು ಕಟ್ತೀನಿ" ಎಂದು ಹೊರಟರು.