ಕಣ್ಮರೆಯಾದ ನೋಟವನ್ನು ಮಿದುಳು ಹಿಡಿದಿಡುವ ಬಗೆ

ಕಣ್ಣೆದುರಿನಿಂದ ಮರೆಯಾದ ನೋಟವನ್ನು ಕೆಲವು ಸೆಕೆಂಡುಗಳ ಮಟ್ಟಿಗೆ ಹಿಡಿದಿಟ್ಟುಕೊಂಡು ಕೆಲಸಕ್ಕೆ ಬಳಸುವ ಶಕ್ತಿಗೆ ದೃಶ್ಯ ಕಾರ್ಯಸ್ಮೃತಿ ಎಂದು ಹೆಸರು. ರಸ್ತೆ ದಾಟುವಾಗ ಬಲಕ್ಕೆ ನೋಡಿ ಎಡಕ್ಕೆ ತಿರುಗಿದವರಿಗೆ ಬಲಗಡೆಯ ಬಸ್ಸು ಎಷ್ಟು ದೂರದಲ್ಲಿತ್ತೆಂಬುದು ನೆನಪಿರುವುದು ಇದರಿಂದಲೇ. ಕರಿಹಲಗೆಯ ಚಿತ್ರ ನೋಡಿ, ತಲೆ ತಗ್ಗಿಸಿ ಪುಸ್ತಕದಲ್ಲಿ ಬಿಡಿಸಿಕೊಳ್ಳುವ ಮಗುವಿಗೂ ಇದೇ ಆಸರೆ.

ಇದರ ಹಿಡಿತ ಬಹಳ ಕಿರಿದು. 1997ರಲ್ಲಿ ಅಮೆರಿಕದ ಸ್ಟೀವನ್ ಲಕ್ ಮತ್ತು ಎಡ್ವರ್ಡ್ ವೋಗೆಲ್ ಬಣ್ಣದ ಚೌಕಗಳನ್ನು ಪರದೆಯ ಮೇಲೆ ಕ್ಷಣಕಾಲ ತೋರಿಸಿ, ಮರೆಮಾಡಿ, ಸುಮಾರು ಒಂದು ಸೆಕೆಂಡಿನ ಬಳಿಕ ಮತ್ತೆ ತೋರಿಸಿದರು. ಯಾವುದಾದರೂ ಬಣ್ಣ ಬದಲಾಗಿದೆಯೇ ಎಂಬುದು ಪ್ರಶ್ನೆ. ಮೂರು ಚೌಕಗಳವರೆಗೆ ಉತ್ತರ ಹೆಚ್ಚುಕಡಿಮೆ ಸರಿಯಾಗಿಯೇ ಬಂತು. ಸಂಖ್ಯೆ ನಾಲ್ಕನ್ನು ಮೀರಿದಂತೆ ತಪ್ಪುಗಳು ಏರುತ್ತಾ ಹೋದವು.

ಈ ನೆನಪು ಮಿದುಳಿನಲ್ಲಿ ಎಲ್ಲಿರುತ್ತದೆ? ಮೊದಲ ಸುಳಿವು ಸಿಕ್ಕಿದ್ದು ಹಣೆಯ ಹಿಂದಿರುವ ಪ್ರೀಫ್ರಂಟಲ್ ಕಾರ್ಟೆಕ್ಸಿನಲ್ಲಿ. ನೆನಪಿಡಬೇಕಾದ ಗುರುತು ಮರೆಯಾದ ಮೇಲೂ ಅಲ್ಲಿನ ಕೆಲವು ನರಕೋಶಗಳು ಮಿಡಿಯುತ್ತಲೇ ಇರುವುದು 1971ರಲ್ಲಿ ಕೋತಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂತು. 1989ರಲ್ಲಿ ಪೆಟ್ರೀಶಿಯಾ ಗೋಲ್ಡ್‌ಮನ್-ರಾಕಿಕ್ ಅವರ ತಂಡ, ಇಂಥ ಒಂದೊಂದು ನರಕೋಶವೂ ಪರದೆಯ ನಿರ್ದಿಷ್ಟ ಜಾಗವೊಂದರ ನೆನಪಿಗೆ ಹೆಚ್ಚಾಗಿ ಸ್ಪಂದಿಸುತ್ತದೆಂದು ತೋರಿಸಿತು. ಆ ಮಿಡಿತ ಕುಂದಿದಾಗ ಕೋತಿಯೂ ಜಾಗ ತಪ್ಪುತ್ತಿತ್ತು.

ಎರಡನೆಯ ತಾಣ ನೆತ್ತಿಯ ಹಿಂಬದಿಯ ಪರೈಟಲ್ ಕಾರ್ಟೆಕ್ಸ್. ನೆನಪಿಡಬೇಕಾದ ವಸ್ತುಗಳು ಹೆಚ್ಚಿದಂತೆ ಇಲ್ಲಿನ ಚಟುವಟಿಕೆಯೂ ಏರುತ್ತದೆ, ಆದರೆ ಮೂರು-ನಾಲ್ಕು ವಸ್ತುಗಳ ಹೊತ್ತಿಗೆ ಆ ಏರಿಕೆ ನಿಂತುಬಿಡುತ್ತದೆಂದು 2004ರಲ್ಲಿ ಜೆ. ಜೇ ಟಾಡ್ ಮತ್ತು ರೆನೆ ಮರುವಾ ಕಂಡುಕೊಂಡರು. ಚೌಕಗಳ ಪ್ರಯೋಗದಲ್ಲಿ ಕಂಡ ಮಿತಿಗೆ ಮಿದುಳಿನಲ್ಲೇ ಸಾಕ್ಷಿ ದೊರೆಯಿತು.

ಮೂರನೆಯ ತಾಣ ತಲೆಯ ಹಿಂಭಾಗದ ದೃಷ್ಟಿ ಕಾರ್ಟೆಕ್ಸ್, ಅಂದರೆ ನೋಡುವ ಕೆಲಸವನ್ನೇ ಮಾಡುವ ಭಾಗ. 2009ರಲ್ಲಿ ಸ್ಟೆಫನಿ ಹ್ಯಾರಿಸನ್ ಮತ್ತು ಫ್ರಾಂಕ್ ಟಾಂಗ್ ಓರೆಗೆರೆಗಳ ಎರಡು ವಿನ್ಯಾಸಗಳನ್ನು ತೋರಿಸಿ ಒಂದನ್ನು ನೆನಪಿಡಲು ಹೇಳಿದರು. ಪರದೆ ಬರಿದಾಗಿದ್ದ ಅವಧಿಯಲ್ಲಿ ಮಿದುಳಿನ ಚಟುವಟಿಕೆಯನ್ನು ಸೆರೆಹಿಡಿದ ಎಫ್‌ಎಂಆರ್‌ಐ ದಾಖಲೆಯಿಂದಲೇ, ನೆನಪಿನಲ್ಲಿದ್ದದ್ದು ಯಾವುದೆಂದು ಶೇ. 80ಕ್ಕೂ ಹೆಚ್ಚು ಸಲ ಸರಿಯಾಗಿ ಹೇಳಲು ಸಾಧ್ಯವಾಯಿತು. ನೋಟದ ಸೂಕ್ಷ್ಮ ವಿವರಗಳನ್ನು ದೃಷ್ಟಿ ಕಾರ್ಟೆಕ್ಸೇ ಕಾಯ್ದಿಡುತ್ತದೆ, ಯಾವುದನ್ನು ಉಳಿಸಬೇಕು ಎಂಬುದನ್ನು ಪ್ರೀಫ್ರಂಟಲ್ ಭಾಗ ನಿರ್ದೇಶಿಸುತ್ತದೆ ಎಂಬ ವಾದಕ್ಕೆ ಇದರಿಂದ ಬಲ ಬಂತು.

ನರಕೋಶಗಳು ಎಡೆಬಿಡದೆ ಮಿಡಿಯುತ್ತಿದ್ದರೆ ಮಾತ್ರ ನೆನಪು ಉಳಿಯುತ್ತದೆಯೇ ಎಂಬ ಬಗ್ಗೆ ಚರ್ಚೆಯಿದೆ. ಜಾನ್‌ಲುಯಿಜಿ ಮೊಂಜಿಲ್ಲೊ ಮತ್ತು ಸಂಗಡಿಗರು 2008ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ನರಕೋಶ ಮಿಡಿದಾಗ ಅದರ ತುದಿಯಲ್ಲಿ ಕ್ಯಾಲ್ಸಿಯಂ ಸೇರಿಕೊಂಡು ಮುಂದಿನ ಕೋಶದೊಡನೆ ಅದರ ಬೆಸುಗೆ ಸುಮಾರು ಒಂದು ಸೆಕೆಂಡಿನವರೆಗೆ ಬಲಗೊಂಡಿರುತ್ತದೆ. ಅಷ್ಟರೊಳಗೆ ಮತ್ತೊಮ್ಮೆ ಮಿಡಿದರೆ ಸಾಕು, ನಡುವೆ ಮೌನವಿದ್ದರೂ ನೆನಪು ಅಳಿಯುವುದಿಲ್ಲ.